ತಳದ ಸೀಡಿ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದ
ನಾರಾಯಣಸಾ ಮೇಹರವಾಡೆಯ ವಿಡಿಯೊಗೇಮ್ ಅಂಗಡಿ,
ತಾಸಿಗೆ ಹತ್ತು ರೂಪಾಯಿ.
ಡಬ್ಬಿಗೆ ವಯಸ್ಸಾಗಿತ್ತು; ಬೋರಲು ಹಾಕಿದರಷ್ಟ ಸೀಡಿ ಓದತಿತ್ತು,
ಅಲುಗದಂಗ ಒತ್ತಿಗೊಂದು ಸವದ ಲಾಳಿ.

ಹುಡುಗರಿಗೆಲ್ಲ ಕುಸ್ತಿ, ಕಾರು, ಬಂದೂಕು.
ಅಣ್ಣ ಸೋತು ಸಿಟ್ಟಿಗೆದ್ದು ಬಿಟ್ಟುಹೋದ
ಕಡೇ ಏಳು ಮಿನೀಟು ನನ್ನ ಪಾಲು.
"ತಳದಾಗಿಂದು ಯಾವದರ ಹಚ್ಚಿಕೊ."

ತಳದಾಗಿತ್ತು ಅದು.
ಮ್ಯಾಲಿನ ಅಕ್ಷರ ಊರಾಗ ಯಾರಿಗೂ ಬರತಿದ್ದಿಲ್ಲ.
ಒಬ್ಬಾಕಿ ಮುದುಕಿ, ಕೈಯಾಗ ಎಣ್ಣಿಗಿಂಡಿ,
ಓಣಿ ಓಣಿ ಅಡ್ಡಾಡಿ ಕಂದೀಲು ಹಚ್ಚೂದು.
ಅಷ್ಟ.
ಹೊಡಿಯೂದಿಲ್ಲ, ಗೆಲ್ಲೂದಿಲ್ಲ.
ಬೆಳಕಾದ ಮನಿಯಾಗ ಯಾರೋ ಕೆಮ್ಮತಿದ್ದರು,
ಒಂದು ಬೆಕ್ಕು ಎದ್ದು ಬ್ಯಾರೆ ಕಡೆ ಮಲಗತಿತ್ತು.

ಮೂರನೇ ಸೇತುವೆಗೆ ಚಿತ್ರ ನಿಲ್ಲೂದು.
ಮುದುಕಿಯ ಒಂದು ಕಾಲು ಗಾಳಿಯಾಗ,
ಆಚೆ ದಂಡಿಯ ಕಿಡಕಿ ಎಲ್ಲಾ ಕತ್ತಲ.
"ನಿಂದು ಮುಗೀತವಾ."
ಉಳಿಸಿ ಇಡೂ ಕಾರ್ಡ್ ಇರಲಿಲ್ಲ;
ಮರುದಿನ ಮತ್ತ ಮೊದಲ ಓಣಿ,
ಮತ್ತ ಅದ ಕೆಮ್ಮು.

ಈಗಲ್ಲಿ ಮೊಬೈಲ್ ಕವರು ಮಾರತಾರ.
ಮೊನ್ನೆ ನಾರಾಯಣಸಾ ನನ್ನ ಗುರುತು ಹಿಡೀಲಿಲ್ಲ.
"ಎಣ್ಣಿ ಮುದುಕಿ ಆಟ" ಅಂದ ಕೂಡ್ಲೆ ನಕ್ಕ:
"ಏ, ಅದನ್ನ ಯಾರೂ ಆಡಲಿಲ್ಲವಾ."
ಕುಸ್ತಿ ಗೆದ್ದ ಹುಡುಗರ ಹೆಸರು ಅವಗ ಇನ್ನೂ ಬಾಯಿಪಾಠ.

ಸೀಡಿ ಎಲ್ಲಿ ಅಂದೆ.
ಹಿತ್ತಲದ ಪೇರಲ ಗಿಡಕ್ಕ
ಗಿಳಿ ಕೂಡಬಾರದಂತ ದಾರ ಕಟ್ಟಿ ಬಿಟ್ಟಾನ.
ಬಿಸಲಿಗೆ ತಿರುಗತದ,
ಗ್ವಾಡಿ ಮ್ಯಾಲೆ ಒಂದೊಂದ ಚುಕ್ಕಿ ಬೆಳಕು
ಹಚಗೋತ ಹೊಂಟದ,
ನೆರೆಮನಿ ಕಿಡಕಿತನಕ.
ಗಿಳಿ ಮಾತ್ರ ಕಾಯಿ ತಿನ್ನಾಕ ಹತ್ತಿದ್ದವು.