ಉಬ್ಬರದ ಕಾಲಂ

ಅವರು ಕಳಿಸಿದ ನಮೂನೆ
ಕಡಲಿನ ಅಳತೆಗೆ ಹೊಲಿದ ಅಂಗಿ.
ನಮ್ಮ ಹೊಳೆಗೆ ತೊಡಿಸಿದರೆ ತೋಳು ಉದ್ದ.
ಬಂಡೆಯ ಹೆಸರು, ಗೂಡಿನ ಸಂಖ್ಯೆ, ಗಾಳಿಯ ದಿಕ್ಕು,
ಉಬ್ಬರದ ಹೊತ್ತು, ಇಳಿತದ ಹೊತ್ತು.
ಕಡಲು ನಾನು ಕಂಡವಳಲ್ಲ.
ರಾಯಚೂರಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ,
ಏಪ್ರಿಲ್ ಹತ್ತರಿಂದ ಮೇ ಮೂವತ್ತೊಂದರ ತನಕ
ದಿನಕ್ಕೆ ನೂರೈವತ್ತು ರೂಪಾಯಿ, ಒಂದು ದುರ್ಬೀನು,
ಹೋದ ವರ್ಷದವರು ಯಾರೋ ಕಚ್ಚಿದ ಪೆನ್ಸಿಲ್ಲು.

ಶಕ್ತಿನಗರದ ಚಿಮಣಿಗಳು ಬೆನ್ನಿಗೆ.
ಎದುರಿಗೆ ಕೃಷ್ಣೆ, ಇದ್ದಬದ್ದ ಕಲ್ಲನ್ನೆಲ್ಲ
ಬಿಸಿಲಿಗೆ ಹರವಿ ಕೂತಿದ್ದಾಳೆ.
ಕರಿಬಂಡೆ, ಕೆಂಬಂಡೆ, ಸಂದಿಯಲ್ಲಿ ಒಂದು ಬೊಗಸೆ ಮರಳು.
ಆ ಬೊಗಸೆಯಲ್ಲಿ ರೀವದ ಸಂಸಾರ.
ಕಡ್ಡಿ ಇಲ್ಲ, ಹುಲ್ಲಿಲ್ಲ,
ಎದೆಯಿಂದ ತಿರುಗಿ ತಿರುಗಿ ಒತ್ತಿದ ಒಂದು ಗುಳಿ,
ಅದರಲ್ಲಿ ಮೂರು ಕಲ್ಲು.
ಅವು ಕಲ್ಲಲ್ಲ ಅಂತ ತಿಳಿಯಲು
ನನಗೆ ಮೂರು ದಿನ ಬೇಕಾಯಿತು.

ಹರಗೋಲು ಕಬ್ಬೇರ ಜಿಂದಪ್ಪನದು.
“ಬ್ಯಾಸಿಗಿ ಹಕ್ಕಿ ಸಾದಿಯವ್ವಾ,
ನಮ್ಮಪ್ಪನ ಕಾಲಕ್ಕ ಇವು ಬಂದ್ವು ಅಂದ್ರ
ಹರಕ ಬಲಿ ಹೊಲಿಯಾಕ ಕುಂದರ್ತಿದ್ವಿ.”
ಅಷ್ಟು ಹೇಳಿ, ತಲೆಗೆ ಬೋರಲು ಹಾಕ್ಕೊ ಅಂತ
ರೊಟ್ಟಿಯ ಬುಟ್ಟಿ ಕೊಟ್ಟ.
ಯಾಕೆ ಅಂತ ಕೇಳುವಷ್ಟರಲ್ಲಿ
ಮೇಲಿಂದ ಒಂದು ಹಳದಿ ಕೊಕ್ಕು
ಟಕ್ಕಂತ ಉತ್ತರ ಕೊಟ್ಟಿತು.

ಮಧ್ಯಾಹ್ನ ಎರಡಕ್ಕೆ ಬಂಡೆಯ ಕಾವು ಐವತ್ತನಾಲ್ಕು.
ಹೆಣ್ಣೋ ಗಂಡೋ, ನನಗೆ ಇನ್ನೂ ಗುರುತು ಹತ್ತುವುದಿಲ್ಲ,
ಎದ್ದು ಹೋಗಿ, ಹೊಟ್ಟೆಯನ್ನು ನೀರಿಗೆ ಸವರಿಕೊಂಡು ಬಂದು
ಹಸಿ ಹೊಟ್ಟೆಯಲ್ಲೇ ಮೊಟ್ಟೆಯ ಮೇಲೆ ಕೂತಿತು.
ಒಂದು ತಾಸಿಗೆ ಹದಿನೇಳು ಸಲ. ಎಣಿಸಿದ್ದೇನೆ.
ನನ್ನ ಜ್ವರದ ರಾತ್ರಿ ಅಮ್ಮಿ
ಸೆರಗು ಹಿಂಡಿ ಹಿಂಡಿ ಹಣೆಗಿಟ್ಟದ್ದನ್ನು
ಯಾರೂ ಎಣಿಸಲಿಲ್ಲ.

ನಮೂನೆಯ ಕೆಳಗೆ ದಪ್ಪಕ್ಷರ:
ಮುಟ್ಟಬಾರದು. ಸರಿಸಬಾರದು. ನೋಡಿ ಬರೆಯುವುದು ಮಾತ್ರ.

ಹನ್ನೊಂದನೆಯ ಗೂಡು ಎಲ್ಲಕ್ಕಿಂತ ಕೆಳಗೆ,
ನೀರಿನಿಂದ ಒಂದೂವರೆ ಮೊಳ.
ಮೇ ಹದಿನೆಂಟು, ಜಿಂದಪ್ಪ ಹೊಳೆಗೆ ಕೈ ಅದ್ದಿ
“ನೀರು ತಣ್ಣಗಾಗ್ಯಾವ. ಮ್ಯಾಲ ಗೇಟು ಎತ್ಯಾರ.”
“ಎಷ್ಟು ಬರ್ತಾವ?”
“ಅದನ್ನ ಹೊಳಿ ಹೇಳಂಗಿಲ್ಲ, ಇಂಜಿನಿಯರು ಹೇಳಂಗಿಲ್ಲ.”
ಮರುದಿನ ಬಂಡೆಯ ಒದ್ದೆ ಗೆರೆ ನೋಡಿ
ಉಬ್ಬರದ ಕಾಲಂನಲ್ಲಿ ಮೊದಲ ಸಲ ಬರೆದೆ:
ಬೆಳಗಿನ ಜಾವ ಮೂರು. ನಾಲ್ಕು ಬೆರಳು.

ಬರೆಯದೆ ಬಿಟ್ಟದ್ದು ಇದು.
ಆ ಸಂಜೆ ಮರಳಿನ ಸಮೇತ ಮೂರನ್ನೂ ಬೊಗಸೆಯಲ್ಲೆತ್ತಿ
ಒಂದು ಗೇಣು ಮೇಲಕ್ಕೆ ಇಟ್ಟೆ.
ಹಕ್ಕಿ ಬುಟ್ಟಿಗೆ ಬಡಿದು ಬಡಿದು ಸೋತು
ಇಳಿದು ಬಂದು
ಹಳೆಯ ಗುಳಿಯಲ್ಲಿ ಕೂತಿತು,
ಬರಿಮರಳಿನ ಮೇಲೆ, ರೆಕ್ಕೆ ಹೊಂದಿಸಿಕೊಂಡು,
ಎಲ್ಲ ಸರಿ ಇದೆ ಎಂಬಂತೆ.
ನಾನು ಹುಟ್ಟು ಹಿಡಿದೇ ಅತ್ತೆ.
ಜಿಂದಪ್ಪ ಏನೂ ಅನ್ನದೆ ಹೋಗಿ
ಆ ಗುಳಿಗೆ ಒಂದು ಗುಂಡುಗಲ್ಲು ಇಟ್ಟು ಬಂದ.
ಕತ್ತಲಾಗುವ ಮುಂಚೆ ಅದು ಒಂದು ಗೇಣು ನಡೆಯಿತು.
ನಾಳೆ ಇನ್ನೊಂದು ಗೇಣು. ನಾಡಿದ್ದು ಮತ್ತೊಂದು.

ಇಪ್ಪತ್ತಾರಕ್ಕೆ ಬಂದ ನೀರು
ಒಂಬತ್ತನ್ನೂ ಹತ್ತನ್ನೂ ಒಯ್ದಿತು.
ಅವು ಹನ್ನೊಂದಕ್ಕಿಂತ ಮೇಲಿದ್ದವು.
ಅವಕ್ಕಾಗಿ ನಾನು ಹೆದರಿರಲಿಲ್ಲ.

ಮೂವತ್ತೊಂದರ ಸಂಜೆ ಹನ್ನೊಂದರಲ್ಲಿ
ಒಂದು ಮೊಟ್ಟೆಗೆ ಕೂದಲೆಳೆಯಷ್ಟು ಬಿರುಕು.
ಒಳಗಿಂದ ಏನೋ ಕುಟ್ಟುತ್ತಿತ್ತು, ಬಿಟ್ಟು ಬಿಟ್ಟು.
ರಾಯಚೂರಿನ ಬಸ್ಸು ಐದೂವರೆಗೆ.

ಜೂನ್‌ನಲ್ಲಿ ವರದಿ ವಾಪಸು ಬಂತು, ಕೆಂಪು ಸುತ್ತು ಹಾಕಿ:
ಗೂಡು ಹನ್ನೊಂದು, ಎತ್ತರ ದಿನಕ್ಕೊಂದು ತರ ಇದೆ.
ಅಳತೆಯ ದೋಷವೇ?

ಹೌದು ಸರ್, ಎಂದು ಬರೆದೆ.
ಕೈಯ ದೋಷ.