ಬೆಚ್ಚಗಿಟ್ಟದ್ದು

ಉಲಾನ್‌ಬಾತರದ ದೊಡ್ಡ ಸಂತೆಯ ಹಿಂಬದಿ
ಹಡಗಿಳಿದ ತಗಡಿನ ಪೆಟ್ಟಿಗೆಯೇ ನನ್ನ ಅಂಗಡಿ.
ಹೊರಗೆ ಮೈನಸ್ ಮೂವತ್ತೊಂದು. ಒಳಗೆ
ಬೆಸುಗೆ ಕಡ್ಡಿ, ಭೂತಗನ್ನಡಿ, ಥರ್ಮಾಸಿನಲ್ಲಿ ಉಪ್ಪು ಚಹಾ.

ಮೊದಲ ಗಿರಾಕಿ ಉರ್ತ್‌ನಸನ್.
ನಿವೃತ್ತ ಪಶುವೈದ್ಯ; ಹೆಸರಿನ ಅರ್ಥ ದೀರ್ಘಾಯು.
ಎರಡು ದಿನ ಬಸ್ಸಿನಲ್ಲಿ ಎದೆಗವಚಿ ತಂದದ್ದು
ಒಂದು ಉಣ್ಣೆಯ ಗಂಟು, ಗಂಟಿನೊಳಗೆ ಕಾಲುಚೀಲ,
ಕಾಲುಚೀಲದೊಳಗೆ ಇಸ್ಪೀಟು ಕಟ್ಟಿನಷ್ಟು ಎಸ್‌ಎಸ್‌ಡಿ.

"ನಮ್ಮ ಕಡೆಯ ಕುದುರೆಗಳ ಬರೆಗಳು ಇದರಲ್ಲಿ,
ನಾಲ್ಕು ಸಾವಿರದ ಇನ್ನೂರು ಫೋಟೋ.
ಯಾವ ಮನೆತನದ ಬರೆ, ಯಾರ ಕೈ ಹಾಕಿದ್ದು,
ಎಲ್ಲ ಬರೆದಿದ್ದೆ."

ತಂತಿ ಚುಚ್ಚಿದೆ. ಉಸಿರಿದೆ, ನೆನಪಿಲ್ಲ.
ಬಿದ್ದಿತ್ತೇ? ಇಲ್ಲ. ನೀರು? ಇಲ್ಲ.
ಎಲ್ಲಿಟ್ಟಿದ್ದಿರಿ?
ಹೆಮ್ಮೆಯಿಂದಲೇ ಹೇಳಿದ:
ಒಲೆಯ ಪಕ್ಕ, ಹೆಂಡತಿಯ ಪೆಟ್ಟಿಗೆಯಲ್ಲಿ, ಆರು ಚಳಿಗಾಲ.
ಒಂದು ರಾತ್ರಿಯೂ ತಣ್ಣಗಾಗಲು ಬಿಟ್ಟಿಲ್ಲ.

ಹೇಗೆ ಹೇಳಲಿ.
ಇದರೊಳಗೆ ತಟ್ಟೆ ತಿರುಗುವುದಿಲ್ಲ, ಮುಳ್ಳು ಓಡುವುದಿಲ್ಲ.
ಇರುವುದು ದೊಡ್ಡಿಗಳು, ಕೋಟಿ ಕೋಟಿ,
ಒಂದೊಂದರಲ್ಲೂ ಕೂಡಿಹಾಕಿದ ಹಿಡಿಯಷ್ಟು ಎಲೆಕ್ಟ್ರಾನು.
ಎಷ್ಟು ಉಳಿದಿವೆ ಎಂಬ ಲೆಕ್ಕವೇ ಅಕ್ಷರ,
ಅದೇ ಕುದುರೆಯ ಬಣ್ಣ.
ಬೇಲಿ ತೀರ ತೆಳು. ಬೆಚ್ಚಗಾದಷ್ಟೂ
ಅವುಗಳ ಕಾಲು ನೆಲದಲ್ಲಿ ನಿಲ್ಲುವುದಿಲ್ಲ,
ಒಂದೊಂದಾಗಿ ದಾಟಿಬಿಡುತ್ತವೆ,
ಸದ್ದಿಲ್ಲ, ಹೆಜ್ಜೆ ಗುರುತಿಲ್ಲ.
ಚಳಿಯೇ ಇವಕ್ಕೆ ಕಾವಲುನಾಯಿ.
ಹಿಮದಲ್ಲಿ ಎಸೆದಿದ್ದರೆ ಇನ್ನೂ ಇರುತ್ತಿದ್ದವೇನೋ.

"ಹಳೆಯದಾಗಿದೆ" ಎಂದೆ, ಅಷ್ಟೇ.
ವೈದ್ಯರ ಸುಳ್ಳು ವೈದ್ಯನಿಗೆ ಗೊತ್ತು.
"ಬಿಸಿಯೇ?" ಎಂದ.
ಹೂಂ.

ಮೂರು ರಾತ್ರಿ, ವೋಲ್ಟೇಜು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ
ಮತ್ತೆ ಮತ್ತೆ ಕೇಳಿದೆ. ಮುನ್ನೂರ ಹನ್ನೊಂದು ಬಂದವು,
ಕೆಲವಕ್ಕೆ ತಲೆಯಿಲ್ಲ, ಕೆಲವು ಬರೀ ಬೂದು ಪಟ್ಟೆ.

ಅವನು ನಕ್ಕ. "ಬರೆ ಹಾಕುವಾಗ
ಕಬ್ಬಿಣ ಕೆಂಡವಾಗಿರಬೇಕು ತಾಯಿ,
ತಣಿದರೆ ಗುರುತು ನಿಲ್ಲುವುದಿಲ್ಲ."
ಹೇಳುತ್ತ ನನ್ನ ಮೇಜಿನ ಧೂಳಿನಲ್ಲಿ
ಬೆರಳಿಂದ ಎಳೆದ ಒಂದು ಅರ್ಧಚಂದ್ರ,
ಅದರ ಕೆಳಗೆ ಸುತ್ತಿಗೆ. ಪಕ್ಕದಲ್ಲಿ ಮೀನು.
ರಸೀದಿ ಪುಸ್ತಕ, ಪೆನ್ಸಿಲು ಮುಂದಿಟ್ಟೆ.
ಹಾಳೆ ಮೇಲೆ ಹಾಳೆ.

ನಲವತ್ತನೆಯದೋ ಏನೋ, ತಡೆದ.
"ಕಿವಿ ಸೀಳಿದ ಬೂದು ಹೆಣ್ಣು...
ಬರೆ... ಎರಡು ಗೆರೆ, ಅಲ್ಲ, ಮೂರು..."
ಪೆನ್ಸಿಲು ಗಾಳಿಯಲ್ಲೇ ನಿಂತಿತು.

ಎದ್ದೆ. ಹೀಟರು ಆರಿಸಿದೆ.
ಬಾಗಿಲನ್ನು ತುಸುವೇ ತೆರೆದಿಟ್ಟೆ.