ತೂಬು

ಕೋಲಾರ, ಸಹಕಾರ ಸೌಧದ ನೆಲಮಾಳಿಗೆ.
ಮೂರು ಸರ್ವರು, ಒಂದು ಏಸಿ, ಕಿಟಕಿಯಿಲ್ಲ.
ಒಳಗೆ ನಲವತ್ತೊಂದು ಯಂತ್ರಗಳ ಸಂಸಾರ;
ಒಂದಕ್ಕೂ ಮೈಯಿಲ್ಲ,
ಪ್ರತಿಯೊಂದಕ್ಕೂ ಇಡೀ ಮನೆ ತನ್ನದೇ ಅನ್ನೋ ನಂಬಿಕೆ.

ಇರುವ ಮೆಮೊರಿ ಇನ್ನೂರೈವತ್ತಾರು.
ಹಂಚಿರುವುದು ಮುನ್ನೂರ ತೊಂಬತ್ತು.
ಆಡಿಟ್‌ನವರು ಬೆಚ್ಚಿದರು: ಇದು ಹೇಗಮ್ಮ?
ಎಲ್ಲರಿಗೂ ಒಟ್ಟಿಗೆ ಬಾಯಾರಲ್ಲ ಸಾರ್, ಅಂದೆ.

ಮಾತು ನನ್ನದಲ್ಲ, ಪಿಳ್ಳಪ್ಪನದು.
ನಮ್ಮ ತಾತ, ಕೆರೆಯ ನೀರುಗಂಟಿ.
ತೂಬಿನ ಕಲ್ಲಿನ ಮೇಲೆ ಬೀಡಿ ಸೇದುತ್ತ ಕೂತು
ಇಳಿಬಿಟ್ಟ ಕಾಲಲ್ಲೇ ನೀರು ಅಳೆಯುತ್ತಿದ್ದ.
ಅವನಿಗೆ ಸ್ವಂತದ್ದು ಒಂದು ಮಡಿ ಗದ್ದೆಯೂ ಇರಲಿಲ್ಲ.

ಬೆಳಗಿನ ಜಾವ ನಾಲ್ಕು. ಟೊಮೆಟೊ ಮಂಡಿಯ ಲೆಕ್ಕ ಏಳುವ ಹೊತ್ತು;
ಸಂಬಳದ ಯಂತ್ರದಿಂದ ಹದಿನಾರು ಕಿತ್ತು ಅದಕ್ಕೆ ಬಿಡುತ್ತೇನೆ.
ಎರಡನೆಯ ಸರ್ವರು ಕಾದರೆ
ಹಾಲಿನ ಯಂತ್ರವನ್ನು ಮೂರನೆಯದಕ್ಕೆ ಎತ್ತಿ ಮಲಗಿಸುತ್ತೇನೆ,
ರಶ್ಶಿನ ಬಸ್ಸಲ್ಲಿ ಮಡಿಲು ಬದಲಾದ ಮಗು:
ಎಚ್ಚರವೇ ಆಗುವುದಿಲ್ಲ ಅದಕ್ಕೆ.

ಒಂದಿತ್ತು, ಹೆಸರು ‘ಹಳೇದು-ಎರಡು’.
ಕಟ್ಟಿದವರು ಯಾರೋ, ಕೇಳುವವರಿಲ್ಲ.
ಎಂಟಿದ್ದುದನ್ನು ನಾಲ್ಕು ಮಾಡಿದೆ, ಎರಡು ಮಾಡಿದೆ,
ಯಾರೂ ಬೈಯಲಿಲ್ಲ.
ಆರಿಸಿಬಿಡೇ, ಅಂದಳು ನಸೀಮಾ.
ಆರಿಸಿದೆ, ಶುಕ್ರವಾರ.

ಸೋಮವಾರ ಬಂಗಾರಪೇಟೆಯಿಂದ ಫೋನು,
ತೂಕದ ಗುಮಾಸ್ತ, ಹೆಸರೂ ಹೇಳಲಿಲ್ಲ:
“ನಮ್ಮ ಕಡೆ ಇನ್ನೂ ಬಿಟ್ಟಿಲ್ವೇನಮ್ಮಾ?”

ಅವನು ಕೇಳಿದ್ದು ಹಳೇ ರಸೀದಿ.
ನನ್ನ ಕಾಲು ತಣ್ಣಗಾಯಿತು, ಮೊಣಕಾಲಿನವರೆಗೆ.

ಎರಡೇ ಗಿಗಾಬೈಟು.
ಎತ್ತಿದೆ.